ಹಸೆಯ ಮೇಲೆ ಸೋಫಾ

ಹಾಡು ಕೇಳುವವರನ್ನು ಎಲ್ಲಿ ಕೂರಿಸಬೇಕು ಅನ್ನುವುದು ನನ್ನ ಕಸುಬಿನಲ್ಲಿ ಇವತ್ತಿಗೂ ಬಗೆಹರಿಯದ ಜಗಳ. ಕೂರಿಸುವುದು ಅಂದರೆ ಕುರ್ಚಿ ಹಾಕಿ ಕೂರಿಸುವುದಲ್ಲ. ಮನೆಯ ಸೋಫಾ ಇದ್ದಲ್ಲೇ ಇರುತ್ತದೆ. ಅದರ ಮುಂದೆ, ಪಕ್ಕದಲ್ಲಿ, ಹಿಂದೆ, ತಲೆಯ ಮೇಲೆ ಸ್ಪೀಕರುಗಳಿರುತ್ತವೆ. ಯಾವ ದನಿ ಯಾವ ಸ್ಪೀಕರಿನಿಂದ ಬರಬೇಕು ಎಂದು ತೀರ್ಮಾನಿಸುವವಳು ನಾನು. ಹೆಸರು ರಂಜನಿ. ಆರ್.ಟಿ. ನಗರದಲ್ಲಿ ಅಪ್ಪ ಕಟ್ಟಿಸಿದ ಮನೆಯ ಮಹಡಿಯಲ್ಲಿ ಒಂದು ಕೋಣೆಗೆ ಗೋಡೆತುಂಬ ಸ್ಪಂಜು ಬಡಿಸಿಕೊಂಡು ಹಾಡು ಮಿಕ್ಸ್ ಮಾಡುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುತ್ತಾಳೆ ಅಮ್ಮ. ಇರಲಿ ಬಿಡಿ, ಇನ್ನೆಲ್ಲಿ ಇಟ್ಟುಕೊಳ್ಳಲಿ?

ನಮ್ಮವರಲ್ಲಿ ಎರಡು ಪಂಗಡ. ಒಂದು ಪಂಗಡದವರು ಕೇಳುವವರನ್ನು ಸಭೆಯಲ್ಲಿ ಕೂರಿಸುತ್ತಾರೆ. ಹಾಡುವವರು, ನುಡಿಸುವವರು ಎಲ್ಲ ಮುಂದೆ, ವೇದಿಕೆಯ ಮೇಲೆ. ಹಿಂದಿನ ಸ್ಪೀಕರುಗಳಲ್ಲಿ ಸಭಾಂಗಣದ ಗುಂಗು, ಒಂದಿಷ್ಟು ಚಪ್ಪಾಳೆ, ಅಷ್ಟೇ. ಇನ್ನೊಂದು ಪಂಗಡದವರು ಕೇಳುವವರನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಹಾಡುವವರ ನಡುಮಧ್ಯೆ ಕೂರಿಸುತ್ತಾರೆ. ಎಡಗಡೆ ತಬಲಾ, ಬಲಗಡೆ ಪಿಟೀಲು, ಬೆನ್ನ ಹಿಂದೆ ತಂಬೂರಿ. ನನಗೆ ಕೆಲಸ ಕಲಿಸಿದ ಗುರುಚರಣ್ ಸರ್ ಮೊದಲನೇ ಪಂಗಡ. "ಬೆನ್ನ ಹಿಂದಿಂದ ಬರೋದು ಸಂಗೀತ ಅಲ್ಲ ಕಣಮ್ಮ, ಹೆಬ್ಬಾಳದ ಹಾರನ್ನು" ಅನ್ನುತ್ತಾರೆ. ನಾನು ಒಂದು ದಿನ ಈ ಕಡೆ, ಒಂದು ದಿನ ಆ ಕಡೆ. ಹಾಗಾಗಿ ಎರಡೂ ಪಂಗಡದವರ ಹತ್ತಿರ ಬೈಸಿಕೊಂಡಿದ್ದೇನೆ.

ಆದರೆ ಈ ಜಗಳ ನನ್ನ ಹೊಟ್ಟೆಯೊಳಗೇ ಶುರುವಾಗಿದ್ದು ಮೋನಿಕಾ ಬಂದ ಮೇಲೆ. ಜಕ್ಕೂರಿನ ಹಳೇ ಊರಿನ ಹುಡುಗಿ. ನನ್ನ ಹತ್ತಿರ ರೆಕಾರ್ಡಿಂಗ್ ಕಲಿಯುತ್ತೇನೆಂದು ಬಂದು, ಕಲಿಯುವುದನ್ನು ಬಿಟ್ಟು, ಸ್ನೇಹವನ್ನು ಮಾತ್ರ ಬಿಡದವಳು. ಎರಡು ವರ್ಷದ ಹಿಂದೆ ಅವಳ ಅಕ್ಕನ ಮದುವೆಯ ಹೊತ್ತಿನಲ್ಲಿ ನನ್ನನ್ನು ಎಳೆದುಕೊಂಡು ಹೋಗಿ ಅರಿಶಿಣ ಶಾಸ್ತ್ರಕ್ಕೆ ಹೆಂಗಸರು ಹಾಡುವ ಸೋಬಾನೆಯನ್ನು ರೆಕಾರ್ಡ್ ಮಾಡಿಸಿದ್ದಳು. ಆವತ್ತು ನಡುಮನೆಯಲ್ಲಿ ರಂಗೋಲಿ ಬಿಟ್ಟು ಹಸೆಮಣೆ ಹಾಕಿದ್ದರು. ಹುಡುಗಿ ಅದರ ಮೇಲೆ. ಸುತ್ತ ಹೆಂಗಸರು. ನಾನು ಅವರ ಮುಂದೆ ಅಲ್ಲಲ್ಲಿ ಮೈಕು ನೆಟ್ಟು, ಮೂಲೆಯಲ್ಲಿ ಹೆಡ್‌ಫೋನು ಹಾಕಿಕೊಂಡು ಕೂತಿದ್ದೆ.

ಹಾಡಿನ ಯಜಮಾನಿಕೆ ಇಬ್ಬರದು. ಒಬ್ಬರು ಮೋನಿಕಾಳ ಅಜ್ಜಿ ಸೊಣ್ಣಮ್ಮ. ಇನ್ನೊಬ್ಬರು ಹಿಂದಿನ ಬೀದಿಯ ಅಂಜನಮ್ಮ. ಇಬ್ಬರೂ ಒಂದೇ ವರ್ಷ ಜಕ್ಕೂರಿಗೆ ಸೊಸೆಯರಾಗಿ ಬಂದವರು. ಅಲ್ಲಿಂದ ಆ ಊರಿನಲ್ಲಿ ಇವರಿಬ್ಬರು ಹಾಡದೆ ಒಂದು ಅರಿಶಿಣವೂ ಆಗಿಲ್ಲವಂತೆ. ಒಬ್ಬರ ಭುಜಕ್ಕೆ ಇನ್ನೊಬ್ಬರ ಭುಜ ತಾಗಿಸಿಕೊಂಡು ಕೂರುತ್ತಿದ್ದರು. ಅಂಜನಮ್ಮ ಎತ್ತಿಕೊಡುವವರು, ಅಂದರೆ ಹಾಡಿನಲ್ಲಿ ಪ್ರಶ್ನೆ ಹಾಕುವವರು:

ಕೆರೆಯೇರಿ ಮ್ಯಾಲೆ ಬರುವೋರು ಯಾರವ್ವ
ಅರಿಶಿಣದ ತಟ್ಟೆ ಇಡಿದೋರು ಯಾರವ್ವ

ಅದಕ್ಕೆ ಸೊಣ್ಣಮ್ಮನ ಉತ್ತರ:

ಬರುವೋರು ಬೀಗರು, ಬಾಗಿಲ ತೆಗಿರವ್ವ
ನಮ್ಮನೆ ಮಗಳನ್ನ ಕರಿಯೋರು ಕಾಣಿರವ್ವ

ಆಮೇಲೆ ಉಳಿದ ಹೆಂಗಸರೆಲ್ಲ ಸೇರಿ ಆ ಉತ್ತರವನ್ನೇ ಮತ್ತೆ ಹಾಡುವುದು. ಹೀಗೆ ಪ್ರಶ್ನೆ ಮೇಲೆ ಪ್ರಶ್ನೆ, ಮದುಮಗಳ ಕೆನ್ನೆಯ ಅರಿಶಿಣ ಒಣಗುವ ತನಕ.

ಹೋದ ದೀಪಾವಳಿ ಕಳೆದ ಮೇಲೆ ಅಂಜನಮ್ಮ ತೀರಿಕೊಂಡರು. ಅಲ್ಲಿಂದ ಸೊಣ್ಣಮ್ಮ ಬಾಯಿ ಬಿಟ್ಟಿಲ್ಲ. ಮಾತಾಡುತ್ತಾರೆ, ಬೈಯುತ್ತಾರೆ, ನಗುತ್ತಾರೆ. ಹಾಡು ಮಾತ್ರ ಇಲ್ಲ. ಕೇಳಿದರೆ ಗಂಟಲು ಹೋಗಿದೆ ಅನ್ನುತ್ತಾರೆ. ಈಗ ಮೋನಿಕಾಳದೇ ಮದುವೆ ಹತ್ತಿರ ಬಂದಿತ್ತು.

"ಅಜ್ಜಿ ಹಾಡ್ಲಿಲ್ಲ ಅಂದ್ರೆ ನಾನು ಹಸೆ ಮೇಲೆ ಕೂರಲ್ಲ ಅಕ್ಕಾ" ಅಂದಳು. "ಅಕ್ಕಂಗೆ ಹಾಡಿದ್ರು, ಚಿಕ್ಕಪ್ಪನ ಮಗಳಿಗೆ ಹಾಡಿದ್ರು. ನನಗೆ ಮಾತ್ರ ಡಿಜೆನಾ? ನಾನೇನ್ ಪಾಪ ಮಾಡಿದೀನಿ?" ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಮದುವೆಯ ಸೀರೆ ಆರಿಸುವಾಗಲೂ ಇಷ್ಟು ಹಟ ಮಾಡಿದವಳಲ್ಲ.

ಉಪಾಯ ಹುಡುಕಿದ್ದು ಅವಳ ಅಪ್ಪ ಅನಂತರಾಜು. ಹೊಲ ಇದ್ದಲ್ಲಿ ಅಪಾರ್ಟ್‌ಮೆಂಟು ಎಬ್ಬಿಸಿದವರು, ಹೊಸ ಮನೆಯ ಕೆಳಗಡೆ ದೊಡ್ಡ ಥಿಯೇಟರ್ ರೂಮು ಮಾಡಿಸಿಕೊಂಡವರು. ಗುಂಡಿ ಒತ್ತಿದರೆ ಮಲಗಿಕೊಳ್ಳುವ ಕುರ್ಚಿಗಳು, ಸುತ್ತ ಸ್ಪೀಕರು, ಸೂರಿನಲ್ಲೂ ಸ್ಪೀಕರು. "ಮೇಡಂ, ಆವತ್ತು ನೀವು ಇಡ್ಕಂಡ್ರಲ್ಲ, ಅದನ್ನ ನಮ್ ಥೇಟರ್ ರೂಮಿಗೆ ತಕ್ಕಂಗೆ ಮಾಡ್ಕೊಡಿ. ಅಂಜನಮ್ಮನ ದನಿ ಕೇಳುದ್ರೆ ಅಮ್ಮಂಗೆ ಉಮ್ಮಸ್ ಬತ್ತದೆ, ತಾನಾಗೇ ಆಡ್ತದೆ ನೋಡಿ" ಅಂದರು. ಇಂಥ ಮಾತಿಗೆ ನಾನು ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದೆ. ಆದರೆ ನಮಗೆಲ್ಲ ಸ್ಪೀಕರಿನಿಂದ ಪವಾಡ ಆಗುತ್ತದೆ ಎಂಬ ಒಂದು ಮೂಢನಂಬಿಕೆ ಇದ್ದೇ ಇರುತ್ತದೆ, ಒಪ್ಪಿಕೊಂಡೆ.

ಮೊದಲು ಮಾಡಿದ್ದು ಸ್ವಚ್ಛ ಮಾಡುವ ಕೆಲಸ. ಅದು ನಮ್ಮ ಅಭ್ಯಾಸ. ಮಿಕ್ಸ್ ಮಾಡಲು ಕೂರುವ ಮೊದಲು ಕೆಮ್ಮು, ಪಾತ್ರೆ ಸದ್ದು, ಹರಟೆ, ಮಗುವಿನ ಅಳು ಎಲ್ಲ ಕತ್ತರಿಸಿ ಬದಿಗಿಡುತ್ತೇವೆ. ಜಕ್ಕೂರಲ್ಲಿ ಇನ್ನೊಂದು ಕಾಟ, ಏರೋಡ್ರೋಮಿನ ತರಬೇತಿ ವಿಮಾನ. ಹಾಡಿನ ನಡುವೆ ಒಂದು ಸಲ ಸೂರಿನ ಮೇಲೇ ಡುರ್ರೆಂದು ಹೋಗಿತ್ತು. ಆ ತುಂಡನ್ನೂ ಕಿತ್ತು ಎಸೆದೆ. ಆಮೇಲೆ ಗುರುಚರಣ್ ಸರ್ ಹೇಳಿಕೊಟ್ಟಂತೆ ಸಭೆಯ ಮಿಕ್ಸ್ ಮಾಡಿದೆ. ಇಬ್ಬರು ಅಜ್ಜಿಯರು ಮುಂದೆ ನಟ್ಟನಡುವೆ, ಹೆಂಗಸರು ಅಕ್ಕಪಕ್ಕ, ಹಿಂದೆ ಬರೀ ನಡುಮನೆಯ ಗುಂಗು.

ಸೊಣ್ಣಮ್ಮ ಥಿಯೇಟರ್ ರೂಮಿನ ಕುರ್ಚಿಯ ತುದಿಯಲ್ಲಿ, ಬಸ್ಸಿನಲ್ಲಿ ಸೀಟು ಸಿಕ್ಕವರ ಹಾಗೆ ಕೂತರು. ಹಾಡು ಶುರುವಾಯಿತು. ನನ್ನ ಮಟ್ಟಿಗೆ ಹೇಳುವುದಾದರೆ ಬಹಳ ಚೆನ್ನಾಗಿತ್ತು. ಅವರು ಮುಂದಿನ ಖಾಲಿ ಪರದೆಯನ್ನೇ ನೋಡುತ್ತಿದ್ದರು.

"ಬೊಂಬೆ ಬರಾಕಿಲ್ವಾ?" ಅಂತ ಕೇಳಿದರು.

"ಇಲ್ಲ ಅಜ್ಜಿ, ಬರೀ ಹಾಡು."

"ಸಂದಾಗದೆ. ಟೀವಿನಾಗೆ ಬಂದಂಗೇ ಅದೆ" ಅಂದು, ಒಂದೆರಡು ಪದ ಕೇಳಿ, ಅಕ್ಕಿ ನೆನೆ ಹಾಕಬೇಕು ಅಂತ ಎದ್ದು ಹೋದರು. ಮೋನಿಕಾ ನನ್ನ ಮುಖ ನೋಡಿದಳು. ನಾನು ಪರದೆ ನೋಡಿದೆ.

ದಾರಿಯುದ್ದಕ್ಕೂ ಯೋಚನೆ. ಅಜ್ಜಿ ಸಭೆಯಲ್ಲಿ ಕೂತು ಹಾಡು ಕೇಳಿದವರೇ ಅಲ್ಲ, ಅವರನ್ನು ಯಾಕೆ ಸಭೆಯಲ್ಲಿ ಕೂರಿಸಿದೆ ಪೆದ್ದಿ ಎಂದು ನನಗೆ ನಾನೇ ಬೈದುಕೊಂಡೆ. ಮನೆಗೆ ಬಂದು ಎಲ್ಲ ಅಳಿಸಿ ಎರಡನೇ ಪಂಗಡದ ಮಿಕ್ಸ್ ಶುರುಮಾಡಿದೆ. ಹೆಂಗಸರು ಸುತ್ತ ದುಂಡಗೆ ಕೂತಿದ್ದರಲ್ಲ, ಹಾಗೆಯೇ ಸುತ್ತಲೂ ಹರಡಿದೆ. ಬಲಗಡೆಯವರು ಬಲಕ್ಕೆ, ಎದುರಿನವರು ಎದುರಿಗೆ, ಬೆನ್ನಿಗಿದ್ದವರು ಬೆನ್ನಿಗೆ. ನಟ್ಟನಡುವೆ ಕೇಳುವವರು. ನಾನೇ ಆ ನಡುವೆ ಕೂತು ಕೇಳಿದಾಗ ಮೈ ಝುಮ್ಮೆಂದಿತು. ಗುರುಚರಣ್ ಸರ್‌ಗೆ ಫೋನು ಮಾಡಿ ಹೇಳಿದರೆ, "ನಿನಗೆ ತಲೆ ಕೆಟ್ಟಿದೆ ರಂಜನಿ. ಹೋಗ್ಲಿ, ಅಜ್ಜಿ ಏನ್ ಅಂತಾರೆ ನೋಡಿ ಹೇಳು" ಅಂದರು.

ಈ ಸಲ ಸೊಣ್ಣಮ್ಮನ ಜೊತೆ ಅವರ ಯಜಮಾನರು ನರಸಿಂಹಯ್ಯನವರೂ ಬಂದರು. "ಏನೋ ಸುತ್ತಾಕ್ಕಂಡು ಆಡ್ತಾರಂತಲ್ಲ, ನಾನೂ ನೋಡವ" ಎಂದು ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿ ಕಾಲು ಚಾಚಿಕೊಂಡರು. ಹಾಡು ಶುರು ಮಾಡಿದೆ. ಸುತ್ತ ಬಳೆಗಳ ಸದ್ದು. ಎದುರಿಗೆ ಅಂಜನಮ್ಮ ಎತ್ತಿಕೊಟ್ಟರು, ಅಲ್ಲಿಂದಲೇ ಸೊಣ್ಣಮ್ಮನ ದನಿ ಉತ್ತರ ಕೊಟ್ಟಿತು, ನಾಲ್ಕೂ ದಿಕ್ಕಿನಿಂದ ಹೆಂಗಸರು ಹಾಡಿದರು. ನಾನು ಮೂಲೆಯಲ್ಲಿ ನಿಂತು ತುಟಿಯಲ್ಲೇ ಜೊತೆಗೆ ಅಂದುಕೊಳ್ಳುತ್ತಿದ್ದೆ. ಮಿಕ್ಸ್ ಮಾಡುವವರ ಹಣೆಬರಹ ಅದು, ಒಂದೇ ಹಾಡನ್ನು ಎಷ್ಟು ಸಲ ಕೇಳಿರುತ್ತೇವೆಂದರೆ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಉಸಿರಿನ ಸಮೇತ ಒಪ್ಪಿಸುತ್ತೇವೆ.

ಸೊಣ್ಣಮ್ಮ ಎಡಕ್ಕೆ ತಿರುಗಿದರು. ಬಲಕ್ಕೆ ತಿರುಗಿದರು. ಹಿಂದಕ್ಕೆ ನೋಡಿದರು. ಮುಖದಲ್ಲಿ ಗಾಬರಿ. ಸೆರಗು ಎಳೆದುಕೊಂಡರು, ಪಕ್ಕದಲ್ಲಿದ್ದ ಗಂಡನ ಕಡೆ ನೋಡಿದರು, ಕೆಂಡದ ಮೇಲೆ ಕೂತವರ ಹಾಗೆ ಧಡಕ್ಕನೆ ಎದ್ದರು.

"ಎದ್ದೇಳ್ ಮ್ಯಾಕೆ! ಎದ್ದೇಳು!" ಎಂದು ಗಂಡನ ತೋಳು ಹಿಡಿದೆಳೆದರು. "ಈ ಮಗಿ ನಮ್ಮಿಬ್ರುನೂವೆ ಹಸೆ ಮ್ಯಾಲೆ ಕೂರ್ಸವ್ಳೆ!"

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಹೌದಲ್ಲ! ಹೆಂಗಸರು ಕೂತಿದ್ದು ಹಸೆಯ ಸುತ್ತ. ಆ ದುಂಡಿನ ನಡುಮಧ್ಯೆ ಕೂರುವವಳು ಮದುಮಗಳು. ಅಲ್ಲಿ ಬೇರೆ ಯಾರೂ ಕೂರುವಂತಿಲ್ಲ. ಮಗು ತೆವಳಿಕೊಂಡು ಬಂದರೂ ಎತ್ತಿ ಆಚೆ ಬಿಡುತ್ತಾರೆ. ಹಸೆಯ ಸುತ್ತ ಕೈಯಾರೆ ಮೈಕು ನೆಟ್ಟವಳು ನಾನು, ಕೋಣೆಗೆ ಬಂದು ಕೂತ ಮೇಲೆ ಹಸೆಯನ್ನೇ ಮರೆತು ಅಲ್ಲಿ ಸೋಫಾ ಹಾಕಿದ್ದೆ. ಅದರ ಮೇಲೆ ಮೊಮ್ಮಕ್ಕಳನ್ನು ಕಂಡ ಗಂಡಹೆಂಡಿರನ್ನು ಕೂರಿಸಿ, ಸುತ್ತ ಊರ ಹೆಂಗಸರಿಂದ ಹಾಡಿಸಿದ್ದೆ.

"ಕೂತ್ಕಳೇ, ಆಗೋಗ್ಲಿ ಇನ್ನೊಂದ್ ದಪ ಮದ್ವೆ" ಎಂದು ನರಸಿಂಹಯ್ಯ ಮಲಗಿದ ಕುರ್ಚಿಯಲ್ಲೇ ನಕ್ಕರು. ಮೋನಿಕಾ ಬಾಯಿಗೆ ದುಪಟ್ಟಾ ತುರುಕಿಕೊಂಡಳು. ಸೊಣ್ಣಮ್ಮನಿಗೂ ನಗು ಬಂತು, "ತಗಿ, ನಿನ್ ವಯಸ್ಸಿಗ್ ಬೆಂಕಿ ಆಕ" ಎಂದು ಗಂಡನಿಗೆ ಬೈದರು. ಆದರೆ ನಗು ನಿಂತ ಮೇಲೆ ಬಾಗಿಲ ಹತ್ತಿರ ನನ್ನ ಕೈ ಹಿಡಿದುಕೊಂಡರು.

"ತೆಪ್ಪು ತಿಳ್ಕಬ್ಯಾಡ ಕಣವ್ವ. ಎಲ್ಲಾ ಸಂದಾಗದೆ. ಆದ್ರೆ ಅದ್ನ ಆಗ್ಲೇ ಆಡಿ ಮುಗ್ಸವ್ರೆ. ಅವ್ಳೂ ಆಡವ್ಳೆ, ನಾನೂ ಆಡಿವ್ನಿ. ಇನ್ನ ನಾನೇನ್ ಆಡ್ಲಿ?"

ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಗಾಡಿಗಳು ಇಂಚಿಂಚೂ ಅಲ್ಲಾಡದೆ ನಿಂತಿದ್ದವು. ನಾನೂ ಹಾಗೆಯೇ ನಿಂತಿದ್ದೆ. ಮುಂದೆ ಕೂರಿಸಿದರೆ ಟೀವಿ. ನಡುವೆ ಕೂರಿಸಿದರೆ ಹಸೆ. ಇನ್ನೆಲ್ಲಿ ಕೂರಿಸಲಿ ಈ ಹೆಂಗಸನ್ನು? ಅವರು ಆವತ್ತು ಕೂತಿದ್ದಲ್ಲೇ ಕೂರಿಸಬೇಕು, ಅಷ್ಟು ನನಗೂ ಹೊಳೆಯಿತು. ಆದರೆ ಅಲ್ಲಿ ಕೂರಿಸಿದರೆ ಸ್ಪೀಕರಿನಲ್ಲಿ ಅವರ ದನಿ ಇರಬಾರದು, ಆ ಜಾಗ ಖಾಲಿ ಬಿಡಬೇಕು. ಮನೆಗೆ ಓಡಿ, ಚಪ್ಪಲಿಯನ್ನೂ ಬಿಡದೆ ಕೋಣೆಗೆ ಹೋಗಿ ಸೊಣ್ಣಮ್ಮನ ಮೈಕಿನ ಸದ್ದು ಅಡಗಿಸಿದೆ.

ಅಂಜನಮ್ಮನೂ ಅಡಗಿದರು.

ಕರ್ಮ! ಭುಜಕ್ಕೆ ಭುಜ ತಾಗಿಸಿಕೊಂಡು ಕೂತವರಿಗೆ ನಾನು ಎರಡು ಮೈಕು ಹೇಗೆ ಇಟ್ಟೇನು? ಇಬ್ಬರಿಗೂ ಸೇರಿ ಒಂದೇ ಇಟ್ಟಿದ್ದೆ. ಅಂಜನಮ್ಮ ಎತ್ತಿಕೊಡುವಾಗಲೂ ಸೊಣ್ಣಮ್ಮ ಸಣ್ಣ ದನಿಯಲ್ಲಿ ಜೊತೆಗೆ ಹಾಡುತ್ತಿದ್ದರಿಂದ ಸಾಲು ಕತ್ತರಿಸಿ ಬೇರೆ ಮಾಡುವಂತೆಯೂ ಇರಲಿಲ್ಲ. ದನಿ ಬೇರೆ ಮಾಡುವ ಸಾಫ್ಟ್‌ವೇರು ಇದೆ, ಅದಕ್ಕೂ ಹಾಕಿದೆ. ಅದು ಸೊಣ್ಣಮ್ಮನನ್ನು ತೆಗೆದು ಅಂಜನಮ್ಮನನ್ನು ಕೊಟ್ಟಿತು, ಆದರೆ ಬಿಂದಿಗೆಯೊಳಗೆ ಮಾತಾಡಿದಂಥ ಅಂಜನಮ್ಮನನ್ನು. ಇದನ್ನು ಕೇಳಿಸಿದರೆ ಸೊಣ್ಣಮ್ಮ ಹೆದರಿಕೊಳ್ಳುತ್ತಾರೆ. ಸಿಟ್ಟಿಗೆ ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಎಸೆದೆ. ಕೆಳಗಿನಿಂದ ಅಮ್ಮ, "ಏನ್ ಒಡೆದ್ಯೇ?" ಅಂದಳು.

ಒಂದೆರಡು ದಿನ ಆ ಕಡೆ ತಲೆ ಹಾಕಲಿಲ್ಲ. ಮೋನಿಕಾಳ ಮೆಸೇಜುಗಳಿಗೆ ಉತ್ತರ ಕೊಡಲಿಲ್ಲ. ಆಮೇಲೆ ಏನೂ ತೋಚದೆ, ಸ್ವಚ್ಛ ಮಾಡುವ ಮೊದಲಿನ ರೆಕಾರ್ಡಿಂಗನ್ನು ಮೊದಲಿಂದ ಹಾಕಿಕೊಂಡು ಕೇಳುತ್ತ ಕೂತೆ. ಎಲ್ಲಾದರೂ ಒಂದೇ ಒಂದು ಸಾಲು ಅಂಜನಮ್ಮ ಒಬ್ಬರೇ ಹಾಡಿರಬಾರದೆ ಎಂಬ ಆಸೆ. ಕೆಮ್ಮು ಬಂತು, ಪಾತ್ರೆ ಬಿತ್ತು, ಮಗು ಅತ್ತಿತು. ಆಮೇಲೆ ವಿಮಾನ ಬಂತು.

ವಿಮಾನದ ಸದ್ದಿಗೆ ಆವತ್ತು ಕಿತ್ತು ಎಸೆದ ತುಂಡಿನಲ್ಲಿ ಏನಿತ್ತು ಎಂದು ನಾನು ಸರಿಯಾಗಿ ಕೇಳಿಯೇ ಇರಲಿಲ್ಲ. ಸೊಣ್ಣಮ್ಮ ಆರತಿ ತಟ್ಟೆ ತರಲು ಒಳಗೆ ಎದ್ದುಹೋಗಿದ್ದರು. ಅದು ಗೊತ್ತಿಲ್ಲದೆಯೋ ಗೊತ್ತಿದ್ದೋ ಅಂಜನಮ್ಮ ಎತ್ತಿಕೊಟ್ಟಿದ್ದರು. ಉತ್ತರವಿಲ್ಲ. ಹೆಂಗಸರು ಕಿಸಕ್ಕೆಂದರು. ಅಂಜನಮ್ಮ ಮತ್ತೆ ಎತ್ತಿಕೊಟ್ಟರು. ಮತ್ತೆ ಉತ್ತರವಿಲ್ಲ. ಆಗ ಹಾಡು ಬಿಟ್ಟು ಕೂಗಿದ್ದರು. ನಾನು ಆ ಕೂಗನ್ನು ಕೇಳಿ ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟೆ. ಆಮೇಲೆ ಮೂಗು ಒರೆಸಿಕೊಂಡು ಕೆಲಸಕ್ಕಿಳಿದೆ.

ಮೂರನೇ ಸಲ ಥಿಯೇಟರ್ ರೂಮಿಗೆ ಹೋದಾಗ ಮೋನಿಕಾಳ ಮುಖದಲ್ಲಿ ನಂಬಿಕೆಯೇ ಇರಲಿಲ್ಲ. ಡಿಜೆಯವನಿಗೆ ಹೇಳಿಯಾಗಿದೆ ಎಂದು ಅನಂತರಾಜು ತಿಳಿಸಿದರು. ಸೊಣ್ಣಮ್ಮ, "ಎಲ್ ಕೂರ್ಸೀಯವ್ವ ಈಸಲ?" ಎಂದು ಕೇಳಿ, ಗಂಡನನ್ನು ದೂರ ಕೂರಲು ಹೇಳಿ ಒಬ್ಬರೇ ಕೂತರು. ನಾನು ರೆಕಾರ್ಡಿಂಗ್ ಹಾಕಿದೆ.

ಮುಂದೆ ಹಸೆಯ ಕಡೆಯಿಂದ ಮದುಮಗಳ ಬಳೆಯ ಸದ್ದು. ಎದುರು ಸಾಲಿನ ಹೆಂಗಸರು ದೂರದಲ್ಲಿ ಪಿಸಪಿಸ. ಬಲಗಡೆ ಯಾರೋ ಎಲೆಯಡಿಕೆ ಜಗಿಯುತ್ತಿದ್ದಾರೆ. ಸೂರಿನ ಸ್ಪೀಕರುಗಳಲ್ಲಿ ವಿಮಾನ ಡುರ್ರೆಂದು ಮುಂದಿನಿಂದ ಹಿಂದಕ್ಕೆ ಹೋಯಿತು. ಸೊಣ್ಣಮ್ಮ ತಲೆಯೆತ್ತಿ ನೋಡಿದರು. ಅದು ಹೋದ ಮೇಲೆ ಅವರ ಎಡಗಿವಿಯ ಪಕ್ಕದಲ್ಲೇ, ಭುಜ ತಾಗುವಷ್ಟು ಹತ್ತಿರದಲ್ಲಿ, ಅಂಜನಮ್ಮ ಉಸಿರೆಳೆದುಕೊಂಡರು.

ಕೆರೆಯೇರಿ ಮ್ಯಾಲೆ ಬರುವೋರು ಯಾರವ್ವ
ಅರಿಶಿಣದ ತಟ್ಟೆ ಇಡಿದೋರು ಯಾರವ್ವ

ಯಾರೂ ಉತ್ತರ ಕೊಡಲಿಲ್ಲ. ಸೊಣ್ಣಮ್ಮ ಎಡಕ್ಕೆ ತಿರುಗಲಿಲ್ಲ. ಅವರ ಎಡಭುಜ ಮಾತ್ರ ಒಂದಿಷ್ಟು ಆ ಕಡೆಗೆ ವಾಲಿತು. ಅಂಜನಮ್ಮ ಮತ್ತೆ ಎತ್ತಿಕೊಟ್ಟರು. ಮತ್ತೆ ಮೌನ, ಹೆಂಗಸರ ನಗು. ಆಮೇಲೆ ಆ ಕೂಗು:

"ಎಲ್ಲಿಗೋದ್ಯೇ ಸೊಣ್ಣೀ? ಬಾರೇ ಬಿರ್‍ನೆ! ಬೀಗ್ರು ಏರಿ ಮ್ಯಾಲೇ ನಿಂತವ್ರೆ!"

"ಬಂದೆ ಇರೇ!" ಅಂದರು ಸೊಣ್ಣಮ್ಮ, ಗಟ್ಟಿಯಾಗಿ, ಕುರ್ಚಿಯಿಂದ ಅರ್ಧ ಎದ್ದು.

ಅಲ್ಲಿಗೆ ನಾನು ಕತ್ತರಿಸಬೇಕಿತ್ತು. ಮರೆತಿದ್ದೆ. ಹಿಂದಿನ ಸ್ಪೀಕರಿನಿಂದ, ಅಡುಗೆಮನೆಯ ದೂರದಿಂದ, ಎರಡು ವರ್ಷ ಚಿಕ್ಕವರಾದ ಸೊಣ್ಣಮ್ಮ ಅದೇ ದನಿಯಲ್ಲಿ, "ಬಂದೆ ಇರೇ!" ಅಂದರು.

ಅರ್ಧ ಎದ್ದಿದ್ದ ಸೊಣ್ಣಮ್ಮ ಹಾಗೇ ನಿಂತುಬಿಟ್ಟರು. ಹಿಂದೆ ನೋಡಿದರು, ಎಡಗಡೆಯ ಖಾಲಿ ಕುರ್ಚಿ ನೋಡಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ಮೆಟ್ಟಿಲ ಮೇಲೆ ಅವರು ಅಳುವ ಸದ್ದು ಕೇಳಿಸಿತು. ನರಸಿಂಹಯ್ಯ ಈ ಸಲ ನಗಲಿಲ್ಲ. ಕೋಲು ಊರಿಕೊಂಡು ಹಿಂದೆಯೇ ಹೋದರು.

"ಯಾಕ್ ಮೇಡಂ ಇಂಗ್ ಮಾಡುದ್ರಿ? ಆಡ್ಸಿ ಅಂದ್ರೆ ಅಳ್ಸ್‌ಬುಟ್ರಲ್ಲ ನಮ್ಮಮ್ಮನ್ನ" ಅಂದರು ಅನಂತರಾಜು. ನನ್ನ ಸಿಟ್ಟು ಎಲ್ಲಿ ಹೋಗಿತ್ತೋ, ಬಾಯಿಗೆ ಬರಲೇ ಇಲ್ಲ. ವೈರು ಸುತ್ತಿಕೊಂಡು ಬಂದುಬಿಟ್ಟೆ. ಮೋನಿಕಾ ಗೇಟಿನ ತನಕ ಬಂದಳು. ನಾನು ಮಾಡಿದ್ದು ಸರಿಯೋ, ಸತ್ತವರ ದನಿ ತಂದು ಪಕ್ಕದಲ್ಲಿ ಕೂರಿಸಿದ್ದು ದೊಡ್ಡ ತಪ್ಪೋ, ಗೊತ್ತಾಗಲಿಲ್ಲ. ಗುರುಚರಣ್ ಸರ್‌ನ ಕೇಳಿದರೆ ಅವರಿಗೂ ಗೊತ್ತಾಗಲಿಲ್ಲ. "ಇದು ನಮ್ಮ ಎರಡೂ ಪಂಗಡದ ಪುಸ್ತಕದಲ್ಲಿ ಇಲ್ಲ ಕಣಮ್ಮ" ಅಂದರು.

ಅರಿಶಿಣದ ದಿನ ಹೋಗಬಾರದು ಎಂದೇ ಇದ್ದೆ. ಬೆಳಗ್ಗೆ ಮೋನಿಕಾ ಫೋನು ಮಾಡಿ, "ಅಕ್ಕಾ, ಬರ್ಲಿಲ್ಲ ಅಂದ್ರೆ ಜನ್ಮದಲ್ಲಿ ಮಾತಾಡಲ್ಲ" ಅಂದಳು. ಹೋದೆ. ಶಾಮಿಯಾನದ ಕೆಳಗೆ ಡಿಜೆಯ ಕಪ್ಪು ಡಬ್ಬಗಳು ಒಂದರ ಮೇಲೊಂದು ನಿಂತಿದ್ದವು. ನಡುಮನೆಯಲ್ಲಿ ರಂಗೋಲಿ, ಹಸೆಮಣೆ, ಸುತ್ತ ಹೆಂಗಸರು. ಮೋನಿಕಾ ಹಳದಿ ಸೀರೆಯುಟ್ಟು ಗೋಡೆಗೆ ಒರಗಿ ನಿಂತಿದ್ದಳು. ಎಲ್ಲರೂ ಕೂತ್ಕೋ ಕೂತ್ಕೋ ಅನ್ನುತ್ತಿದ್ದರು, ಅವಳು ಕೂರುತ್ತಿರಲಿಲ್ಲ. ನಾನು ಹಳೆಯ ಅಭ್ಯಾಸದಂತೆ ಮೂಲೆಯಲ್ಲಿ ನಿಂತೆ.

ಒಳಗಿನಿಂದ ಸೊಣ್ಣಮ್ಮ ಬಂದರು. ರೇಷ್ಮೆ ಸೀರೆ, ಕಣ್ಣು ಊದಿಕೊಂಡಿತ್ತು. ಯಾರನ್ನೂ ನೋಡದೆ ಹೋಗಿ ತಮ್ಮ ಜಾಗದಲ್ಲಿ ಕೂತರು. ಎಡಗಡೆ ಒಬ್ಬರು ಕೂರುವಷ್ಟು ಜಾಗ ಖಾಲಿ ಬಿಟ್ಟರು. ಅವರ ಓರಗಿತ್ತಿ ವೆಂಕಟಲಕ್ಷ್ಮಮ್ಮ ಆ ಜಾಗಕ್ಕೆ ಸರಿಯಲು ಹೋದಾಗ ಕೈ ಅಡ್ಡ ಇಟ್ಟರು.

"ನೀನ್ ನಿನ್ ದಾಟೀಲಿ ಎತ್ಕೊಡ್ತೀಯ ಕಣಕ್ಕ. ನಂಗೆ ಉತ್ರ ಬರಾಕಿಲ್ಲ" ಅಂದರು. ಆಮೇಲೆ ತಲೆಯೆತ್ತಿ ಮೂಲೆಗಳನ್ನೆಲ್ಲ ಹುಡುಕಿ ನನ್ನನ್ನು ಹಿಡಿದರು. "ಏ ಮಗಾ, ಆ ಮೂಲೇಲ್ ಏನ್ ಮಾಡ್ತಿದ್ದೀಯ? ಬಾ ಇಲ್ಲಿ. ಕೂತ್ಕ."

ನಾನು ನನ್ನ ಹಿಂದೆ ನೋಡಿದೆ. ಹಿಂದೆ ಗೋಡೆ ಇತ್ತು.

"ನಿಂಗೇ ಯೋಳಿದ್ದು ಬಾ."

"ಅಜ್ಜಿ, ನನಗೆ ಹಾಡೋಕೆ ಬರಲ್ಲ. ನಾನು ಬರೀ..." ಬರೀ ಏನು ಎಂದು ನನಗೇ ಗೊತ್ತಾಗಲಿಲ್ಲ.

"ಬತ್ತದೆ. ಆ ಥೇಟರ್ ರೂಮ್ನಾಗೆ ನಿಂತ್ಕಂಡು ತುಟಿಯಾಗೇ ಅಂತಿದ್ದೆ, ನೋಡಿವ್ನಿ. ಅವ್ಳು ಪದ ಎಲ್ ನಿಲ್ಲುಸ್ತಿದ್ಲು ಅಲ್ಲೇ ನಿಲ್ಲುಸ್ತಿದ್ದೆ. ಬಾ."

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಮೋನಿಕಾ ಗೋಡೆ ಬಿಟ್ಟು ನೇರ ನಿಂತಳು. ಕಾಲು ಹೇಗೆ ಎತ್ತಿಟ್ಟೆನೋ, ಹೋಗಿ ಆ ಖಾಲಿ ಜಾಗದಲ್ಲಿ ಕೂತೆ. ಸೊಣ್ಣಮ್ಮ ಭುಜ ತಂದು ನನ್ನ ಭುಜಕ್ಕೆ ತಾಗಿಸಿದರು. ಅವರ ಮೈಯಿಂದ ಎಲೆಯಡಿಕೆ, ಹರಳೆಣ್ಣೆಯ ವಾಸನೆ ಬಂತು. ನನ್ನ ಮುಂದೆ ಹಸೆ, ಅದರಾಚೆ ಎದುರು ಸಾಲು, ಬಲಗಡೆ ಸೊಣ್ಣಮ್ಮ. ಇಲ್ಲಿಂದ ಎಲ್ಲವೂ ಹೇಗೆ ಕೇಳಿಸುತ್ತದೆ ಎಂದು ಅಷ್ಟು ದಿನ ಮಿಕ್ಸ್ ಮಾಡಿದವಳಿಗೆ ಗೊತ್ತೇ ಇರಲಿಲ್ಲ.

ಉಸಿರೆಳೆದುಕೊಂಡೆ. ಅಂಜನಮ್ಮ ಎಳೆಯುತ್ತಿದ್ದಂತೆ ಮೂಗಿನಿಂದ, ಒಂದಿಷ್ಟು ಸದ್ದು ಬರುವಂತೆ.

ಕೆರೆಯೇರಿ ಮ್ಯಾಲೆ ಬರುವೋರು ಯಾರವ್ವ
ಅರಿಶಿಣದ ತಟ್ಟೆ ಇಡಿದೋರು ಯಾರವ್ವ

ದನಿ ಒಡೆಯಿತು, ಎರಡನೇ ಸಾಲು ಶ್ರುತಿ ತಪ್ಪಿತು. ನನ್ನ ಕೋಣೆಯಲ್ಲಿ ಯಾರಾದರೂ ಹೀಗೆ ಹಾಡಿದ್ದರೆ ಕತ್ತರಿಸಿ ಎಸೆಯುತ್ತಿದ್ದೆ. ನಡುಮನೆ ನಿಶ್ಶಬ್ದವಾಯಿತು. ನನ್ನ ಬಲಭುಜದ ಮೇಲೆ ಸೊಣ್ಣಮ್ಮನ ಭಾರ ಒಂದಿಷ್ಟು ಹೆಚ್ಚಾಯಿತು.

ಬರುವೋರು ಬೀಗರು, ಬಾಗಿಲ ತೆಗಿರವ್ವ
ನಮ್ಮನೆ ಮಗಳನ್ನ ಕರಿಯೋರು ಕಾಣಿರವ್ವ

ದನಿ ಗೊಗ್ಗರಾಗಿತ್ತು, ತುಕ್ಕು ಹಿಡಿದಿತ್ತು, ಆದರೆ ಅದೇ ದನಿ. ಹೆಂಗಸರು ಒಟ್ಟಿಗೇ ಎತ್ತಿಕೊಂಡರು, ಎದುರಿನಿಂದ, ಬಲದಿಂದ, ಹಿಂದಿನ ಬಾಗಿಲಲ್ಲಿ ನಿಂತವರೂ. ಮೋನಿಕಾ ಯಾರೂ ಹೇಳದೆಯೇ ಬಂದು ಹಸೆಮಣೆಯ ಮೇಲೆ ಕೂತಳು. ಕೂತವಳೇ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅವಳ ಅಮ್ಮ ಅವಳ ಕೈ ಬಿಡಿಸಿ, ಒದ್ದೆ ಕೆನ್ನೆಗೇ ಅರಿಶಿಣ ಹಚ್ಚಿದರು. ಬಾಗಿಲಲ್ಲಿ ಅನಂತರಾಜು ಡಿಜೆಯವನ ಕಡೆ ತಿರುಗಿ ಕೈಯಲ್ಲೇ ಬೇಡ ಬೇಡ ಅನ್ನುತ್ತಿದ್ದರು. ನಾನು ಬಾಯಿ ತೆರೆದುಕೊಂಡು ಅದನ್ನೆಲ್ಲ ನೋಡುತ್ತ, ಸುತ್ತ ಬರುತ್ತಿದ್ದ ದನಿಗಳನ್ನು ಕೇಳುತ್ತ ಮೈಮರೆತು ಕೂತಿದ್ದೆ.

ಹೆಂಗಸರು ಹಾಡಿ ನಿಲ್ಲಿಸಿದರು. ಯಾರೂ ಮುಂದುವರಿಸುತ್ತಿಲ್ಲ ಯಾಕೆ ಎಂದು ನಾನು ಸುತ್ತ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಸೊಣ್ಣಮ್ಮ ನನ್ನ ತೊಡೆ ಚಿವುಟಿದರು.

"ಎತ್ಕೊಡೇ ಬಿರ್‍ನೆ" ಅಂದರು. "ಬೀಗ್ರು ಏರಿ ಮ್ಯಾಲೇ ನಿಂತವ್ರೆ."